ಪಾಲಿಫಿನಾಲ್ ಡಬ್ಬಿಯ ಮೇಲೆ ಏನು ಬರೆದಿರಬೇಕು: ನಿಯಂತ್ರಕರಿಗೂ ತಯಾರಕರಿಗೂ ಒಂದು ಬಹಿರಂಗ ಪತ್ರ

ಇವರಿಗೆ,
ಆಹಾರ ಪೂರಕಗಳಿಗೆ ಅನುಮತಿ ನೀಡುವ ನಿಯಂತ್ರಣ ಸಂಸ್ಥೆಗಳ ಮುಖ್ಯಸ್ಥರು ಹಾಗೂ ಸಸ್ಯಸಾರಗಳ ತಯಾರಕರು

ಮಾನ್ಯರೇ,

ಪಾಲಿಫಿನಾಲ್ ಮಾತ್ರೆಗಳ ಡಬ್ಬಿಯನ್ನು ಕೈಗೆತ್ತಿಕೊಂಡರೆ ಹೆಚ್ಚುಕಡಿಮೆ ಒಂದೇ ಒಕ್ಕಣೆ ಕಾಣುತ್ತದೆ: "ಒಟ್ಟು ಪಾಲಿಫಿನಾಲ್ 500 ಮಿ.ಗ್ರಾಂ", "ಪ್ರಬಲ ಆಂಟಿಆಕ್ಸಿಡೆಂಟ್", "ಸಂಪೂರ್ಣ ನೈಸರ್ಗಿಕ". ಒಳಗಿರುವ ಸಂಯುಕ್ತ ಯಾವುದು, ದಿನಕ್ಕೆ ಅದು ಎಷ್ಟು ಹೊಟ್ಟೆಗೆ ಹೋಗುತ್ತದೆ, ಯಾರು ಅದನ್ನು ತೆಗೆದುಕೊಳ್ಳಬಾರದು ಎಂಬುದು ಮಾತ್ರ ಎಷ್ಟೋ ಡಬ್ಬಿಗಳಲ್ಲಿ ಸಿಗುವುದಿಲ್ಲ. ಕೊಳ್ಳುವವರಿಗೆ ಬೇಕಾಗಿರುವುದು ಅದೇ. ಅದನ್ನು ಬರೆಸುವ ಅಧಿಕಾರ ನಿಯಂತ್ರಕರಲ್ಲಿದೆ, ಬರೆಯುವ ಸಾಮರ್ಥ್ಯ ತಯಾರಕರಲ್ಲಿದೆ. ಆದ್ದರಿಂದ ಇಬ್ಬರನ್ನೂ ಉದ್ದೇಶಿಸಿ ಈ ಪತ್ರ.

ಇದು ಪಾಲಿಫಿನಾಲ್‌ಗಳ ವಿರುದ್ಧದ ಪತ್ರವಲ್ಲ ಎಂದು ಮೊದಲೇ ಸ್ಪಷ್ಟಪಡಿಸುತ್ತೇವೆ. ಈ ವಸ್ತುಗಳಿಂದ ಆರೋಗ್ಯಕ್ಕೆ ಒಳಿತಿದೆ ಎಂದು ಪುರಾವೆ ನೋಡಿಯೇ ನಂಬಿದವರು ನಾವು. ಆ ಒಳಿತನ್ನು ತಪ್ಪು ಕಾರಣ ಹೇಳಿ, ತಪ್ಪು ಅಳತೆಯಲ್ಲಿ ಅಳೆದು, ಕೆಲವೊಮ್ಮೆ ಅಪಾಯಕರವಾದ ಪ್ರಮಾಣದಲ್ಲಿ ತುಂಬಿ ಮಾರುತ್ತಿರುವುದೇ ನಮ್ಮ ದೂರು.

ಗಿಡಗಳು ಪಾಲಿಫಿನಾಲ್‌ಗಳನ್ನು ತಯಾರಿಸುವುದು ತಮ್ಮ ರಕ್ಷಣೆಗಾಗಿ. ಬಿಸಿಲಿನ ಅತಿನೇರಳೆ ಕಿರಣ, ಶಿಲೀಂಧ್ರ, ಎಲೆ ತಿನ್ನುವ ಹುಳು ಇವುಗಳನ್ನು ತಡೆಯಲು ಅವು ಬೇಕು. ಕಾಯಿಯ ಒಗರು, ಚಹಾದ ಒಗರು, ಕೋಕೊದ ಕಹಿ, ಕಪ್ಪು ದ್ರಾಕ್ಷಿಯ ಸಿಪ್ಪೆಯ ಬಣ್ಣ, ಅರಿಶಿನದ ಹಳದಿ ಎಲ್ಲವೂ ಈ ಕುಟುಂಬಕ್ಕೆ ಸೇರಿದ್ದು. ಇದುವರೆಗೆ ಗುರುತಿಸಿರುವ ರಚನೆಗಳು 8000ಕ್ಕೂ ಹೆಚ್ಚು. ಚಹಾ, ಕೋಕೊಗಳ ಕ್ಯಾಟೆಚಿನ್ ಒಂದು ಬಗೆ. ಈರುಳ್ಳಿ, ಸೇಬುಗಳ ಕ್ವೆರ್ಸೆಟಿನ್ ಇನ್ನೊಂದು. ನೇರಳೆ ಬಣ್ಣದ ಹಣ್ಣುಗಳ ಆಂಥೊಸಯನಿನ್, ಸೋಯಾದ ಐಸೊಫ್ಲೇವನ್, ಕಾಫಿಯ ಕ್ಲೋರೊಜೆನಿಕ್ ಆಮ್ಲ, ಅಗಸೆಬೀಜದ ಲಿಗ್ನಾನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್ ಬೇರೆ ಬೇರೆ ಬಗೆಗಳು. ಒಂದು ಬೇಗ ರಕ್ತಕ್ಕೆ ಸೇರುತ್ತದೆ, ಇನ್ನೊಂದು ಸೇರುವುದೇ ಇಲ್ಲ. ಒಂದು ಬಗೆ ಎರಡು-ಮೂರು ಗಂಟೆಗಳಲ್ಲಿ ಅರ್ಧಕ್ಕಿಳಿದರೆ ಇನ್ನೊಂದು ದಿನವಿಡೀ ಉಳಿಯುತ್ತದೆ. ಹೀಗಿರುವಾಗ "ಪಾಲಿಫಿನಾಲ್ 500 ಮಿ.ಗ್ರಾಂ" ಎಂದು ಬರೆಯುವುದು "ಔಷಧಿ 500 ಮಿ.ಗ್ರಾಂ" ಎಂದು ಬರೆದಷ್ಟೇ ಅಪೂರ್ಣ.

ಒಳಿತಿನ ಪುರಾವೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಕೋಕೊದ ಫ್ಲೇವನಾಲ್‌ಗಳ ಬಗ್ಗೆ, ಅಂದರೆ ಕ್ಯಾಟೆಚಿನ್ ಮತ್ತು ಅದರ ಸಂಬಂಧಿಗಳ ಬಗ್ಗೆ, ವಿಶೇಷವಾಗಿ ಎಪಿಕ್ಯಾಟೆಚಿನ್ ಬಗ್ಗೆ ಇರುವ ಪುರಾವೆ ಗಟ್ಟಿಯಾದುದು. ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಲಭ್ಯತೆ ಹೆಚ್ಚಿ ನಾಳ ಸಡಿಲಗೊಳ್ಳುವುದನ್ನು ಮನುಷ್ಯರಲ್ಲೇ ಅಳೆದಿದ್ದಾರೆ. ಇದನ್ನು ಪರಿಶೀಲಿಸಿದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2012ರಲ್ಲಿ, ದಿನಕ್ಕೆ 200 ಮಿ.ಗ್ರಾಂ ಕೋಕೊ ಫ್ಲೇವನಾಲ್ ರಕ್ತನಾಳಗಳ ಸ್ಥಿತಿಸ್ಥಾಪಕ ಗುಣವನ್ನು ಕಾಪಾಡಲು ನೆರವಾಗುತ್ತದೆ ಎಂಬ ಹೇಳಿಕೆಯನ್ನು ಒಪ್ಪಿತು. ಅದಕ್ಕೂ ಒಂದು ವರ್ಷ ಮೊದಲು ಒಪ್ಪಿದ್ದು ಆಲಿವ್ ಎಣ್ಣೆಯ ಹೇಳಿಕೆಯನ್ನು: 20 ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೊಸಾಲ್ ಮತ್ತು ಅದರ ಸಂಬಂಧಿ ಸಂಯುಕ್ತಗಳು ಕನಿಷ್ಠ 5 ಮಿ.ಗ್ರಾಂ ಇದ್ದರೆ, ರಕ್ತದ ಕೊಬ್ಬು ಉತ್ಕರ್ಷಣೆಯಿಂದ (ಆಕ್ಸಿಡೇಶನ್) ಕೆಡುವುದಕ್ಕೆ ತಡೆ. ಎರಡರಲ್ಲೂ ಸಂಯುಕ್ತಕ್ಕೆ ಹೆಸರಿದೆ, ಮಿಲಿಗ್ರಾಂ ಇದೆ, ದೇಹದ ಯಾವ ಭಾಗಕ್ಕೆ ಏನು ಎಂಬುದಿದೆ. ಅದೇ ಪ್ರಾಧಿಕಾರ ಬರೀ "ಆಂಟಿಆಕ್ಸಿಡೆಂಟ್" ಎಂದು ಬಂದ ನೂರಾರು ಅರ್ಜಿಗಳನ್ನು ತಳ್ಳಿಹಾಕಿತು. ಈ ಮಾದರಿಯನ್ನು ಎಲ್ಲ ನಿಯಂತ್ರಕರೂ ಅನುಸರಿಸಬಹುದು.

ದೊಡ್ಡ ಪ್ರಯೋಗಗಳನ್ನು ಉಲ್ಲೇಖಿಸುವಾಗಲೂ ಇದೇ ಶಿಸ್ತು ಬೇಕು. 2022ರಲ್ಲಿ ಪ್ರಕಟವಾದ ಕಾಸ್ಮೋಸ್ ಪ್ರಯೋಗದಲ್ಲಿ 21,442 ಹಿರಿಯರು ಭಾಗಿಗಳು. ಒಂದು ಗುಂಪಿಗೆ ದಿನಕ್ಕೆ 500 ಮಿ.ಗ್ರಾಂ ಕೋಕೊ ಫ್ಲೇವನಾಲ್, ಇನ್ನೊಂದಕ್ಕೆ ಹುಸಿ ಮಾತ್ರೆ. ಹೃದಯ ಮತ್ತು ರಕ್ತನಾಳದ ಒಟ್ಟು ಘಟನೆಗಳು ಶೇ. 10ರಷ್ಟು ಇಳಿದಂತೆ ಕಂಡರೂ ಆ ಇಳಿಕೆ ಆಕಸ್ಮಿಕವಲ್ಲ ಎನ್ನುವಷ್ಟು ಖಚಿತವಾಗಿರಲಿಲ್ಲ. ಹೃದ್ರೋಗದ ಸಾವುಗಳು ಶೇ. 27ರಷ್ಟು ಕಡಿಮೆಯಿದ್ದವು, ಆದರೆ ಅದು ಪ್ರಯೋಗದ ಮುಖ್ಯ ಪ್ರಶ್ನೆಯಾಗಿರಲಿಲ್ಲ, ಎರಡನೆಯ ಸಾಲಿನದು. ಪ್ರಯೋಗಕ್ಕೆ ಚಾಕೊಲೇಟ್ ಉದ್ಯಮದ ನೆರವೂ ಇತ್ತು. ಇದು ಆಶಾದಾಯಕ ಫಲಿತಾಂಶ, ಮುಂದಿನ ಪ್ರಯೋಗಕ್ಕೆ ಯೋಗ್ಯ. ಜಾಹೀರಾತಿನಲ್ಲಿ 27 ಎಂಬ ಅಂಕೆಯನ್ನು ಮಾತ್ರ ಎತ್ತಿ ಹಾಕಿದರೆ ಅದು ಸುಳ್ಳಿಗೆ ಸಮ. ಅದೇ ವರ್ಷ ಅಮೆರಿಕದ ಆಹಾರತಜ್ಞರ ಸಂಘ ಫ್ಲೇವನಾಲ್ ವರ್ಗಕ್ಕೆ ದಿನಕ್ಕೆ 400ರಿಂದ 600 ಮಿ.ಗ್ರಾಂ ಎಂಬ ಮಾರ್ಗದರ್ಶಿ ನೀಡಿತು. ಅದನ್ನು ಪಡೆಯಬೇಕಾದದ್ದು ಆಹಾರದಿಂದ, ಪೂರಕದಿಂದಲ್ಲ ಎಂದೂ ಸೇರಿಸಿತು. ಮಾರಾಟದ ಕರಪತ್ರಗಳಲ್ಲಿ ಆ ಎರಡನೆಯ ಮಾತು ಬಿಟ್ಟುಹೋಗಬಾರದು.

ಈಗ ಮೊದಲ ದೂರಿಗೆ ಬರುತ್ತೇವೆ: "ಆಂಟಿಆಕ್ಸಿಡೆಂಟ್ ಶಕ್ತಿ". ಪರೀಕ್ಷಾ ನಳಿಕೆಯಲ್ಲಿ ಬಹುಪಾಲು ಪಾಲಿಫಿನಾಲ್‌ಗಳು ಉತ್ಕರ್ಷಣೆಯನ್ನು ತಡೆಯುತ್ತವೆ, ನಿಜ. ಆದರೆ ರಕ್ತದಲ್ಲಿ ಸಿ ಜೀವಸತ್ವ ಸುಮಾರು 50 ಮೈಕ್ರೊಮೋಲಾರ್ (ದ್ರವದಲ್ಲಿ ಕರಗಿದ ವಸ್ತುವಿನ ಸಾಂದ್ರತೆಯ ಅಳತೆ), ಯೂರಿಕ್ ಆಮ್ಲ 200ರಿಂದ 400 ಮೈಕ್ರೊಮೋಲಾರ್ ಇರುತ್ತವೆ. ಊಟದ ನಂತರ ಒಂದೊಂದು ಪಾಲಿಫಿನಾಲ್ ಏರುವ ಮಟ್ಟ ಸಾಮಾನ್ಯವಾಗಿ ಒಂದು ಮೈಕ್ರೊಮೋಲಾರ್‌ಗಿಂತ ಕಡಿಮೆ, ಅದೂ ಕೆಲವು ಗಂಟೆಗಳ ಮಟ್ಟಿಗೆ. ಅಷ್ಟು ಸಣ್ಣ ಪಾಲು ನೇರವಾಗಿ ಮುಕ್ತ ರ‍್ಯಾಡಿಕಲ್‌ಗಳನ್ನು ಹಿಡಿದು ದೇಹದ ಲೆಕ್ಕವನ್ನು ಬದಲಿಸಲಾರದು. ಸೇಬು ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಸಾಮರ್ಥ್ಯ ಏರುತ್ತದಲ್ಲ ಎಂದು ಕೆಲವರು ವಾದಿಸುತ್ತಾರೆ. 2004ರಲ್ಲಿ ಇದನ್ನು ಬಿಡಿಸಿ ನೋಡಿದಾಗ, ಏರಿಕೆಯ ದೊಡ್ಡ ಪಾಲು ಹಣ್ಣಿನ ಫ್ರಕ್ಟೋಸ್ ಸಕ್ಕರೆಯಿಂದ ಹೆಚ್ಚಿದ ಯೂರಿಕ್ ಆಮ್ಲದ್ದೆಂದು ಕಂಡುಬಂತು. ಪಾಲಿಫಿನಾಲ್‌ಗಳು ಕೆಲಸ ಮಾಡುವುದು ಹೆಚ್ಚಾಗಿ ಸಂಕೇತಗಳ ಮೂಲಕ: ಕಿಣ್ವಗಳನ್ನು ತಡೆದು ಅಥವಾ ಚುರುಕುಗೊಳಿಸಿ, ಜೀವಕೋಶಗಳ ಸ್ವಂತ ರಕ್ಷಣಾ ವ್ಯವಸ್ಥೆಯನ್ನು ಎಚ್ಚರಿಸಿ, ಕರುಳಿನ ಸೂಕ್ಷ್ಮಜೀವಿಗಳನ್ನು ಪ್ರಭಾವಿಸಿ.

ಓರ‍್ಯಾಕ್ ಎಂಬ ಅಂಕವನ್ನು, ಅಂದರೆ ಪರೀಕ್ಷಾ ನಳಿಕೆಯಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಸಾಮರ್ಥ್ಯದ ಅಂಕವನ್ನು, ನೆನಪಿಸಿಕೊಳ್ಳಿ. ಅಮೆರಿಕದ ಕೃಷಿ ಇಲಾಖೆ ನೂರಾರು ಆಹಾರಗಳಿಗೆ ಆ ಅಂಕ ಕೊಟ್ಟು ಪಟ್ಟಿ ಪ್ರಕಟಿಸಿತ್ತು. ಅಂಕಕ್ಕೂ ಮನುಷ್ಯರ ದೇಹದಲ್ಲಿ ಆಗುವ ಪರಿಣಾಮಕ್ಕೂ ಸಂಬಂಧವಿಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರ್ಬಳಕೆ ಮಾಡುತ್ತಿವೆ ಎಂದು ಹೇಳಿ 2012ರಲ್ಲಿ ಇಲಾಖೆಯೇ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಪ್ರಕಟಿಸಿದವರೇ ಕೈಬಿಟ್ಟ ಅಂಕ ಡಬ್ಬಿಗಳ ಮೇಲೆ ಕಾಣಿಸಿಕೊಳ್ಳಲು ಅವಕಾಶ ಇರಲೇಬಾರದು. ಆಂಟಿಆಕ್ಸಿಡೆಂಟ್ ಎಂದಮಾತ್ರಕ್ಕೆ ನಿರಪಾಯ ಎಂಬ ನಂಬಿಕೆಗೂ ಇತಿಹಾಸದ ಉತ್ತರವಿದೆ. ಪಾಲಿಫಿನಾಲ್ ಅಲ್ಲದಿದ್ದರೂ ಅದೇ ವಾದದ ಮೇಲೆ ಫಿನ್ಲೆಂಡಿನ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಕ್ಯಾರೊಟಿನ್ ಹೆಚ್ಚಿರುವ ತರಕಾರಿ ತಿನ್ನುವವರಲ್ಲಿ ಆ ಕ್ಯಾನ್ಸರ್ ಕಡಿಮೆ ಎಂದು ಅದಕ್ಕೂ ಮೊದಲು ಸಮೀಕ್ಷೆಗಳು ತೋರಿಸಿದ್ದವು. ತರಕಾರಿಯ ಗುಣ ಮಾತ್ರೆಗೆ ಇಳಿಯಲಿಲ್ಲ.

ಹೊಟ್ಟೆಗೆ ಹೋದ ಪಾಲಿಫಿನಾಲ್ ಏನಾಗುತ್ತದೆ ಎಂಬುದು ಲೇಬಲ್ ನಿಯಮ ಮಾಡುವವರಿಗೆ ಚೆನ್ನಾಗಿ ಗೊತ್ತಿರಬೇಕು. ಗಿಡದಲ್ಲಿ ಇವು ಹೆಚ್ಚಾಗಿ ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತವೆ. ಈರುಳ್ಳಿಯ ಕ್ವೆರ್ಸೆಟಿನ್‌ಗೆ ಅಂಟಿರುವುದು ಗ್ಲೂಕೋಸ್. ಸಣ್ಣ ಕರುಳಿನ ಕಿಣ್ವ ಅದನ್ನು ಕತ್ತರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಅದೇ ಕ್ವೆರ್ಸೆಟಿನ್ ರುಟಿನ್ ರೂಪದಲ್ಲಿದ್ದರೆ (ಬೇರೆ ಬಗೆಯ ಸಕ್ಕರೆ ಅಂಟಿರುವ ರೂಪ) ಸಣ್ಣ ಕರುಳಿನಲ್ಲಿ ಬಿಡಿಸಿಕೊಳ್ಳದೆ ದೊಡ್ಡ ಕರುಳಿನವರೆಗೆ ಸಾಗಬೇಕು, ಹೀರಿಕೆ ತಡ ಮತ್ತು ಕಡಿಮೆ. ಒಳಸೇರಿದ್ದನ್ನೂ ಕರುಳಿನ ಗೋಡೆ ಮತ್ತು ಲಿವರ್ ಕೂಡಲೇ ಗ್ಲುಕುರೊನಿಕ್ ಆಮ್ಲ ಅಥವಾ ಸಲ್ಫೇಟ್ ಅಂಟಿಸಿ ಹೊರಹಾಕಲು ಸಿದ್ಧಗೊಳಿಸುತ್ತವೆ. ರಕ್ತದಲ್ಲಿ ಓಡಾಡುವುದು ಹೆಚ್ಚಾಗಿ ಈ ಬದಲಾದ ರೂಪಗಳೇ. 2013ರಲ್ಲಿ ಗುರುತು ಹಾಕಿದ ಇಂಗಾಲವುಳ್ಳ ಆಂಥೊಸಯನಿನ್ ಅನ್ನು 500 ಮಿ.ಗ್ರಾಂ ಪ್ರಮಾಣದಲ್ಲಿ ಎಂಟು ಪುರುಷರಿಗೆ ಕೊಟ್ಟು ಜಾಡು ಹಿಡಿದರು. ಹಿಂದಿನ ಅಳತೆಗಳ ಪ್ರಕಾರ ಒಳಸೇರುವುದು ಶೇ. 1ಕ್ಕೂ ಕಡಿಮೆ ಎಂದಿತ್ತು. ಗುರುತು ಹಿಡಿದು ನೋಡಿದಾಗ ಶೇ. 12ರಷ್ಟು ಸೇರಿತ್ತು, ಬಹುತೇಕ ಒಡೆದು ಬೇರೆ ಅಣುಗಳಾಗಿ. ಮೂಲ ಅಣುವನ್ನು ಮಾತ್ರ ಹುಡುಕುತ್ತಿದ್ದವರಿಗೆ ಅದು ಕಂಡಿರಲಿಲ್ಲ.

ಹೀರಿಕೊಳ್ಳದೆ ಉಳಿದ ದೊಡ್ಡ ಪಾಲು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಸಿಗುತ್ತದೆ. ಸೋಯಾದ ಡೈಡ್ಜೀನ್ ಅನ್ನು ಈಕ್ವಾಲ್ ಆಗಿ ಮಾರ್ಪಡಿಸುವ ಜೀವಿಗಳು ಎಲ್ಲರಲ್ಲಿ ಇರುವುದಿಲ್ಲ; ಸುಮಾರು ಮೂರನೆಯ ಒಂದರಿಂದ ಅರ್ಧದಷ್ಟು ಜನರಲ್ಲಿ ಮಾತ್ರ ಈ ಕೆಲಸ ನಡೆಯುತ್ತದೆ. ದಾಳಿಂಬೆ ಮತ್ತು ಆಕ್ರೋಟುಗಳ ಎಲಾಜಿಟ್ಯಾನಿನ್ ಯುರೊಲಿಥಿನ್ ಆಗುವುದೂ ಹಾಗೆಯೇ. ಒಂದೇ ಮಾತ್ರೆ ತಿಂದ ಇಬ್ಬರಲ್ಲಿ ಒಬ್ಬರಿಗೆ ಗುಣ ಕಂಡು ಇನ್ನೊಬ್ಬರಿಗೆ ಕಾಣದಿರುವುದಕ್ಕೆ ಇದೊಂದು ಕಾರಣ. ಬಾಟಲಿಯಲ್ಲಿ ಬೆಳೆಸಿದ ಜೀವಕೋಶದ ಮೇಲೆ 50 ಮೈಕ್ರೊಮೋಲಾರ್ ಶುದ್ಧ ಸಂಯುಕ್ತ ಸುರಿದು ಪಡೆದ ಫಲಿತಾಂಶ ಮನುಷ್ಯರಿಗೆ ಅನ್ವಯಿಸದಿರುವುದಕ್ಕೂ ಇದೇ ಹಿನ್ನೆಲೆ: ಆ ಮಟ್ಟವೂ ರಕ್ತದಲ್ಲಿಲ್ಲ, ಆ ರೂಪವೂ ಇಲ್ಲ. ಸಾಲದ್ದಕ್ಕೆ, ಚಹಾದ ಮುಖ್ಯ ಕ್ಯಾಟೆಚಿನ್ ಆದ ಇಜಿಸಿಜಿ ಜೀವಕೋಶ ಬೆಳೆಸುವ ದ್ರಾವಣದಲ್ಲಿ ತಾನೇ ಉತ್ಕರ್ಷಣೆಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕ್ಯಾನ್ಸರ್ ಕೋಶ ಸತ್ತಿತೆಂದು ಬರೆದ ಕೆಲವು ಪ್ರಯೋಗಗಳಲ್ಲಿ ಕೊಂದದ್ದು ಆ ಪೆರಾಕ್ಸೈಡ್ ಇರಬಹುದು. ಇಂಥ ಅಧ್ಯಯನಗಳನ್ನು ಆರೋಗ್ಯ ಹೇಳಿಕೆಗೆ ಆಧಾರವಾಗಿ ಸ್ವೀಕರಿಸಬೇಡಿ ಎಂದು ಕೋರುತ್ತೇವೆ.

ಎರಡನೆಯ ದೂರು ಅಳತೆಯ ಬಗ್ಗೆ. "ಒಟ್ಟು ಪಾಲಿಫಿನಾಲ್" ಎಂಬ ಅಂಕೆ ಸಾಮಾನ್ಯವಾಗಿ ಬರುವುದು ಫೋಲಿನ್-ಸಿಯೊಕಾಲ್ಟೊ ಪರೀಕ್ಷೆಯಿಂದ. ಮಾದರಿಗೆ ಹಳದಿ ಬಣ್ಣದ ಕಾರಕವನ್ನೂ ಸೋಡಿಯಂ ಕಾರ್ಬೊನೇಟನ್ನೂ ಸೇರಿಸಿ, ಬರುವ ನೀಲಿ ಬಣ್ಣವನ್ನು 765 ನ್ಯಾನೊಮೀಟರ್‌ನಲ್ಲಿ ಓದಿ, ಗ್ಯಾಲಿಕ್ ಆಮ್ಲಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಅಗ್ಗದ, ವೇಗದ ಪರೀಕ್ಷೆ. ಒಂದೇ ತೋಟದ ಎರಡು ಕೊಯ್ಲುಗಳನ್ನು ಹೋಲಿಸಲು ಸಾಕು. ಆದರೆ ಅದು ಅಳೆಯುವುದು ಪಾಲಿಫಿನಾಲ್ ಅನ್ನಲ್ಲ, ಎಲೆಕ್ಟ್ರಾನ್ ಕೊಡಬಲ್ಲ ಎಲ್ಲವನ್ನೂ. ಸಿ ಜೀವಸತ್ವ, ಸಲ್ಫೈಟ್, ಕೆಲವು ಸಕ್ಕರೆಗಳು, ಪ್ರೋಟೀನಿನ ಟೈರೊಸಿನ್ ಎಲ್ಲವೂ ನೀಲಿಗೆ ತಮ್ಮ ಪಾಲು ಸೇರಿಸುತ್ತವೆ. ಸಾರಕ್ಕೆ ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಬೆರೆಸಿದರೆ ಒಂದು ಹನಿ ಪಾಲಿಫಿನಾಲ್ ಹೆಚ್ಚಿಸದೆ ಅಂಕೆ ಏರಿಸಬಹುದು. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಸಂಯುಕ್ತಗಳನ್ನು ಬೇರ್ಪಡಿಸಿ, ಪ್ರತಿಯೊಂದನ್ನೂ ಅದರ ಶುದ್ಧ ಮಾದರಿಗೆ ಹೋಲಿಸಿ ಅಳೆದ ಅಂಕೆ ಮಾತ್ರ ಲೇಬಲ್ಲಿಗೆ ಯೋಗ್ಯ.

ಕಲಬೆರಕೆಯೂ ಈ ಸಡಿಲ ಅಳತೆಯ ಸಂದಿಯಲ್ಲೇ ನುಸುಳುತ್ತದೆ. ಬಿಲ್‌ಬೆರಿ ಸಾರವನ್ನು ಕೆಂಪು ಬಣ್ಣದ ಗಾಢತೆಯಿಂದ ಮಾತ್ರ ಅಳೆಯುತ್ತಿದ್ದಾಗ ಅಮರಾಂತ್ ಎಂಬ ಕೃತಕ ಬಣ್ಣ ಬೆರೆಸಿ ಮಾರಿದ್ದು 2006ರಲ್ಲಿ ಬಯಲಾಯಿತು. ಇದನ್ನು ಹಿಡಿಯುವುದು ಕಷ್ಟವಲ್ಲ. ನಿಜವಾದ ಆಂಥೊಸಯನಿನ್ ಪಿಎಚ್ (ಹುಳಿಯ ಅಳತೆ) 1ರಲ್ಲಿ ಕಡುಕೆಂಪು, ಪಿಎಚ್ 4.5ರಲ್ಲಿ ಬಹುತೇಕ ಬಣ್ಣರಹಿತ. ಎರಡೂ ದ್ರಾವಣಗಳನ್ನು 520 ಮತ್ತು 700 ನ್ಯಾನೊಮೀಟರ್‌ಗಳಲ್ಲಿ ಓದಿದರೆ, ಬದಲಾಗದೆ ಉಳಿದ ಕೆಂಪು ಹೊರಗಿನ ಬಣ್ಣವೆಂದು ತಿಳಿಯುತ್ತದೆ. ಅಗ್ಗದ ಕಪ್ಪು ಅಕ್ಕಿಯ ಅಥವಾ ಹಿಪ್ಪುನೇರಳೆ ಹಣ್ಣಿನ ಆಂಥೊಸಯನಿನ್ ಬೆರೆಸಿದ್ದರೆ ಈ ಪರೀಕ್ಷೆ ಸಾಲದು; ಅಲ್ಲಿ ಎಚ್‌ಪಿಎಲ್‌ಸಿ ನಕ್ಷೆಯನ್ನೇ ನೋಡಬೇಕು, ಏಕೆಂದರೆ ಬಿಲ್‌ಬೆರಿಯಲ್ಲಿ ಹದಿನೈದು ಆಂಥೊಸಯನಿನ್‌ಗಳ ತನ್ನದೇ ಸಾಲು ಇರುತ್ತದೆ. ದ್ರಾಕ್ಷಿಬೀಜದ ಸಾರದಲ್ಲಿ ಸೇರುವುದು ನೆಲಗಡಲೆಯ ಸಿಪ್ಪೆ. ದ್ರಾಕ್ಷಿಬೀಜದಲ್ಲಿರುವ ಪಾಲಿಫಿನಾಲ್ ಬಗೆಯಾದ ಪ್ರೊಸಯನಿಡಿನ್‌ಗಳು ಬಿ ಮಾದರಿಯವು, ನೆಲಗಡಲೆ ಸಿಪ್ಪೆಯಲ್ಲಿ ಎ ಮಾದರಿಯವು ಇರುತ್ತವೆ. ಒಟ್ಟು ಅಳತೆ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ನೆಲಗಡಲೆ ಅಲರ್ಜಿ ಇರುವವರ ಪಾಲಿಗೆ ಇದು ಹಣದ ಮೋಸವನ್ನು ಮೀರಿದ ವಿಷಯ. ಅರಿಶಿನದ ಸಾರವೆಂದು ಕಾರ್ಖಾನೆಯಲ್ಲಿ ಸಂಶ್ಲೇಷಿಸಿದ ಕರ್ಕ್ಯುಮಿನ್ ಮಾರುವುದೂ ಇದೆ. ಗಿಡದ ಸಾರದಲ್ಲಿ ಕರ್ಕ್ಯುಮಿನ್ ಜೊತೆ ಅದರ ಎರಡು ಸೋದರ ಸಂಯುಕ್ತಗಳು ಇರುತ್ತವೆ. ಕರ್ಕ್ಯುಮಿನ್ ಒಂದೇ ಇದ್ದರೆ ಅನುಮಾನಿಸಬೇಕು, ಇಂಗಾಲ-14 ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಮೂರನೆಯ ದೂರು ಸುರಕ್ಷತೆಯದು. ಇದರಲ್ಲಿ ತಡ ಸಲ್ಲದು.

ಕುದಿನೀರಿನಲ್ಲಿ ನೆನೆಸಿದ ಹಸಿರು ಚಹಾದ ಬಟ್ಟಲಲ್ಲಿ ಇಜಿಸಿಜಿ ಹತ್ತಾರು ಮಿಲಿಗ್ರಾಂ, ಹೆಚ್ಚೆಂದರೆ ನೂರರ ಆಸುಪಾಸು. ಅದನ್ನು ಗುಟುಕು ಗುಟುಕಾಗಿ, ದಿನದಲ್ಲಿ ಹಂಚಿ ಕುಡಿಯುತ್ತಾರೆ. ಸಾಂದ್ರ ಸಾರದ ಮಾತ್ರೆ ನೂರಾರು ಮಿಲಿಗ್ರಾಂ ಇಜಿಸಿಜಿಯನ್ನು ಒಮ್ಮೆಲೇ ಇಳಿಸುತ್ತದೆ. 2018ರಲ್ಲಿ ಯುರೋಪಿನ ಪ್ರಾಧಿಕಾರ ಪರಿಶೀಲಿಸಿದಾಗ, ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇಜಿಸಿಜಿಯನ್ನು ಪೂರಕವಾಗಿ ತೆಗೆದುಕೊಂಡವರಲ್ಲಿ ಲಿವರ್ ಕಿಣ್ವಗಳು ಏರುವುದು ಕಂಡುಬಂತು. 2022ರಲ್ಲಿ ಅಲ್ಲಿ ನಿಯಮ ಬಂತು: ದಿನದ ಪ್ರಮಾಣ 800 ಮಿ.ಗ್ರಾಂಗಿಂತ ಕಡಿಮೆ ಇರಬೇಕು. ಖಾಲಿ ಹೊಟ್ಟೆಯಲ್ಲಿ ಬೇಡ, ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, 18 ವರ್ಷದೊಳಗಿನವರಿಗೆ ಬೇಡ ಎಂದು ಬರೆದಿರಬೇಕು. ಅದಕ್ಕೂ ಬಹಳ ಮೊದಲು, 2003ರಲ್ಲಿ, ತೂಕ ಇಳಿಸುವ ಒಂದು ಹಸಿರು ಚಹಾ ಸಾರವನ್ನು ಲಿವರ್ ಹಾನಿಯ ಪ್ರಕರಣಗಳಿಂದಾಗಿ ಫ್ರಾನ್ಸ್ ಮತ್ತು ಸ್ಪೇನ್‌ಗಳಲ್ಲಿ ಮಾರುಕಟ್ಟೆಯಿಂದ ತೆಗೆದಿದ್ದರು. ಖಾಲಿ ಹೊಟ್ಟೆಯ ಎಚ್ಚರಿಕೆಗೆ ಗಟ್ಟಿ ಕಾರಣವಿದೆ. ಊಟದ ಜೊತೆಗಿಂತ ಉಪವಾಸದಲ್ಲಿ ತೆಗೆದುಕೊಂಡಾಗ ರಕ್ತಕ್ಕೆ ಸೇರುವ ಇಜಿಸಿಜಿ ಮೂರೂವರೆ ಪಟ್ಟಿಗೂ ಹೆಚ್ಚು ಎಂದು ಅಳೆದಿದ್ದಾರೆ. ತೂಕ ಇಳಿಸಲೆಂದು ಊಟ ಬಿಟ್ಟು ಮಾತ್ರೆ ನುಂಗುವವರೇ ಹೆಚ್ಚು ಅಪಾಯದಲ್ಲಿರುತ್ತಾರೆ. ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಮಾದರಿ ಇರುವವರಲ್ಲಿ ಈ ಹಾನಿ ಹೆಚ್ಚು. ಅದು ತಮ್ಮಲ್ಲಿದೆಯೋ ಇಲ್ಲವೋ ಎಂದು ಯಾರೂ ಪರೀಕ್ಷಿಸಿಕೊಂಡು ಮಾತ್ರೆ ಕೊಳ್ಳುವುದಿಲ್ಲ.

ಕರ್ಕ್ಯುಮಿನ್‌ನ ಕಥೆ ಹೀಗಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇ. 3ರ ಆಸುಪಾಸು, ಅದೂ ಸರಿಯಾಗಿ ಹೀರಲ್ಪಡುವುದಿಲ್ಲ. 1998ರ ಒಂದು ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿ.ಗ್ರಾಂ ಕೊಟ್ಟಾಗ, ಕರ್ಕ್ಯುಮಿನ್ ರಕ್ತಕ್ಕೆ ಲಭ್ಯವಾಗುವುದು ಶೇ. 2000ರಷ್ಟು ಏರಿತು. ಅಂದಿನಿಂದ ಕರಿಮೆಣಸಿನ ಸಾರ ಸೇರಿಸುವುದು ವಾಡಿಕೆಯಾಗಿದೆ, ಆ 2000 ಜಾಹೀರಾತಿನ ಅಚ್ಚುಮೆಚ್ಚಿನ ಅಂಕೆಯಾಗಿದೆ. ಪೈಪರಿನ್ ಇದನ್ನು ಸಾಧಿಸುವುದು ಲಿವರ್ ಮತ್ತು ಕರುಳು ಹೊರಗಿನ ವಸ್ತುಗಳನ್ನು ವಿಲೇವಾರಿ ಮಾಡುವ ಕಿಣ್ವಗಳನ್ನು ತಡೆದು. ಆ ಕಿಣ್ವಗಳೇ ಫೆನಿಟೊಯಿನ್, ಪ್ರೊಪ್ರನಲಾಲ್, ಥಿಯೊಫಿಲಿನ್‌ನಂಥ ಔಷಧಿಗಳನ್ನೂ ವಿಲೇವಾರಿ ಮಾಡುತ್ತವೆ. ಪೈಪರಿನ್ ಜೊತೆ ಅವುಗಳ ಮಟ್ಟವೂ ಏರುತ್ತದೆ. ಅರಿಶಿನ ಪೂರಕಗಳಿಂದ ಲಿವರ್ ಹಾನಿಯಾದ ಪ್ರಕರಣಗಳು ಇಟಲಿ, ಅಮೆರಿಕಗಳಿಂದ ವರದಿಯಾಗಿವೆ, ಅವುಗಳಲ್ಲಿ ಹಲವರು ಪೈಪರಿನ್ ಇದ್ದ ಉತ್ಪನ್ನ ಬಳಸಿದವರು. ಇತ್ತ ಗುಣದ ಪುರಾವೆಯೋ, 120ಕ್ಕೂ ಹೆಚ್ಚು ಪ್ರಯೋಗಗಳನ್ನು ಗಮನಿಸಿದ 2017ರ ಔಷಧ ರಸಾಯನದ ವಿಮರ್ಶೆಯೊಂದು, ಹುಸಿ ಮಾತ್ರೆಗೆ ಹೋಲಿಸಿ ನಡೆದ ಯಾವ ಡಬಲ್ ಬ್ಲೈಂಡ್ (ಯಾರಿಗೆ ಯಾವ ಮಾತ್ರೆ ಎಂದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯದ) ಪ್ರಯೋಗವೂ ಯಶಸ್ವಿಯಾಗಿಲ್ಲ ಎಂದು ತೀರ್ಮಾನಿಸಿತು. ಈ ತೀರ್ಮಾನವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಒಪ್ಪದವರು ಕೂಡ ಇಷ್ಟು ಮಾರುಕಟ್ಟೆ ಭರವಸೆಗೆ ಪುರಾವೆ ಸಾಲದು ಎನ್ನುವುದನ್ನು ಅಲ್ಲಗಳೆಯಲಾರರು.

ಔಷಧಿಯ ಜೊತೆಗಿನ ಘರ್ಷಣೆ ಯಾವಾಗಲೂ ಮಟ್ಟ ಏರುವ ದಿಕ್ಕಿನಲ್ಲೇ ಇರುವುದಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 700 ಮಿ.ಲೀ. ಹಸಿರು ಚಹಾ ಕುಡಿದವರಲ್ಲಿ ನಾಡೊಲಾಲ್ ಎಂಬ ರಕ್ತದೊತ್ತಡದ ಔಷಧಿ ರಕ್ತಕ್ಕೆ ಸೇರುವುದು ಶೇ. 85ರಷ್ಟು ಕುಸಿಯಿತು, ಕರುಳಿನಲ್ಲಿ ಅದನ್ನು ಒಳಗೊಯ್ಯುವ ವಾಹಕಕ್ಕೆ ಕ್ಯಾಟೆಚಿನ್‌ಗಳು ಅಡ್ಡಿಯಾದದ್ದು ಕಾರಣವೆಂದು ಸಂಶೋಧಕರು ಹೇಳಿದರು. ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧಿಗೆ ಇಜಿಸಿಜಿ ನೇರವಾಗಿ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದು 2009ರ ಪ್ರಯೋಗಾಲಯದ ಅಧ್ಯಯನದಲ್ಲಿ ಕಂಡಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮನೆಯವರ ಪ್ರೀತಿಯ ಒತ್ತಾಯಕ್ಕೆ ಇಂಥ ಮಾತ್ರೆಗಳನ್ನು ನುಂಗುವುದು ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ಕಬ್ಬಿಣದ ವಿಷಯ ಇನ್ನೂ ವ್ಯಾಪಕ. ಸಸ್ಯಾಹಾರದ ಕಬ್ಬಿಣಕ್ಕೆ ಪಾಲಿಫಿನಾಲ್‌ಗಳು ಕರುಳಿನಲ್ಲಿ ಅಂಟಿಕೊಂಡು ಹೀರಿಕೆಯನ್ನು ತಡೆಯುತ್ತವೆ. ಊಟದ ಜೊತೆ ಕುಡಿದ ಪಾನೀಯದಲ್ಲಿ 20ರಿಂದ 50 ಮಿ.ಗ್ರಾಂ ಪಾಲಿಫಿನಾಲ್ ಇದ್ದರೆ ಹೀರಿಕೆ ಶೇ. 50ರಿಂದ 70ರಷ್ಟು, 100ರಿಂದ 400 ಮಿ.ಗ್ರಾಂ ಇದ್ದರೆ ಶೇ. 60ರಿಂದ 90ರಷ್ಟು ಕುಗ್ಗುವುದನ್ನು 1999ರಲ್ಲಿ ಅಳೆದರು. ಚಹಾ, ಕಾಫಿ, ಪೂರಕದ ಮಾತ್ರೆ ಯಾವುದಾದರೂ ಊಟದಿಂದ ಒಂದು ಗಂಟೆಯಾದರೂ ದೂರವಿದ್ದರೆ ತೊಂದರೆ ಬಹಳ ಕಡಿಮೆ; ಊಟದಲ್ಲಿ ಸಿ ಜೀವಸತ್ವದ ಹಣ್ಣು, ತರಕಾರಿ ಇದ್ದರೆ ಇನ್ನೂ ಒಳ್ಳೆಯದು. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು. ರಕ್ತಹೀನತೆ ಇರುವವರಿಗೆ ಈ ಎರಡು ಸಾಲುಗಳು ತಲುಪಿದರೆ ಆಗುವ ಉಪಕಾರ, ಎಷ್ಟೋ ಜಾಹೀರಾತುಗಳು ಕೊಡುತ್ತೇವೆನ್ನುವ ಉಪಕಾರಕ್ಕಿಂತ ದೊಡ್ಡದು.

ಹಾಗಾದರೆ ಜನರಿಗೆ ಹೇಳಬೇಕಾದ್ದು ಏನು? ಆರೋಗ್ಯ ಪ್ರಚಾರದ ಹೊಣೆ ಹೊತ್ತವರು ಮಾತ್ರೆಯ ಬದಲು ಅಡುಗೆಯ ವಿವರಗಳನ್ನು ತಿಳಿಸಬಹುದು. ಅವು ಖರ್ಚಿಲ್ಲದವು. ಸೇಬಿನ ಕ್ವೆರ್ಸೆಟಿನ್ ಬಹುತೇಕ ಸಿಪ್ಪೆಯಲ್ಲೇ ಇದೆ, ಹೆರೆದರೆ ಹೋಯಿತು. ಈರುಳ್ಳಿಯ ಹೊರಪದರಗಳಲ್ಲಿ ಹೆಚ್ಚು. ಒಣ ಸಿಪ್ಪೆಯ ಜೊತೆ ಒಂದೆರಡು ತಿರುಳಿನ ಪದರವನ್ನೂ ಕಿತ್ತೆಸೆಯುವುದು ನಷ್ಟ. ತರಕಾರಿ ಬೇಯಿಸಿದ ನೀರಿಗೆ ಪಾಲಿಫಿನಾಲ್ ಇಳಿಯುತ್ತದೆ, ನೀರು ಚೆಲ್ಲಿದರೆ ಅದೂ ಚೆಲ್ಲುತ್ತದೆ. ಕತ್ತರಿಸಿದ ಹಣ್ಣು ಕಂದಾಗುವುದು ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಸಂಪರ್ಕದಲ್ಲಿ ಪಾಲಿಫಿನಾಲ್‌ಗಳನ್ನು ಕೆಡಿಸುವುದರಿಂದ. ನಿಂಬೆರಸದ ಹುಳಿ ಅಥವಾ ಬಿಸಿ ಈ ಕಿಣ್ವವನ್ನು ತಡೆಯುತ್ತದೆ. ಬಾಳೆಹಣ್ಣಿನಲ್ಲಿ ಆ ಕಿಣ್ವ ಬಹಳ. 2023ರ ಅಧ್ಯಯನವೊಂದರಲ್ಲಿ ಬಾಳೆಹಣ್ಣು ಸೇರಿಸಿ ರುಬ್ಬಿದ ಪಾನೀಯ ಕುಡಿದವರ ದೇಹದಲ್ಲಿ ಫ್ಲೇವನಾಲ್ ಮಟ್ಟ, ಅದೇ ಪ್ರಮಾಣವನ್ನು ಕ್ಯಾಪ್ಸೂಲಿನಲ್ಲಿ ತೆಗೆದುಕೊಂಡವರಿಗಿಂತ ಶೇ. 84ರಷ್ಟು ಕಡಿಮೆ ಇತ್ತು. ಬೆರಿ ಹಣ್ಣು, ಕೋಕೊಗಳ ಗುಣ ಬೇಕೆಂದು ರುಬ್ಬುವವರು ಬಾಳೆಹಣ್ಣನ್ನು ಬೇರೆ ಹೊತ್ತಿನಲ್ಲಿ ತಿಂದರಾಯಿತು. ಅಗಸೆಬೀಜವನ್ನು ಇಡಿಯಾಗಿ ನುಂಗಿದರೆ ಗಟ್ಟಿ ಹೊಟ್ಟು ಒಡೆಯದೆ ಹೊರಹೋಗುತ್ತದೆ, ಪುಡಿ ಮಾಡಿದರೆ ಮಾತ್ರ ಲಿಗ್ನಾನ್ ಸೂಕ್ಷ್ಮಜೀವಿಗಳಿಗೆ ಸಿಗುತ್ತದೆ.

ಕೋಕೊ ಪುಡಿಯ ತಯಾರಕರಿಗೆ ಇಲ್ಲೊಂದು ಮಾತು. ಕಹಿ ತಗ್ಗಿಸಲು, ಬಣ್ಣ ಗಾಢಗೊಳಿಸಲು ಕೋಕೊವನ್ನು ಕ್ಷಾರದಿಂದ ಸಂಸ್ಕರಿಸುತ್ತೀರಿ. 2008ರಲ್ಲಿ ಅಳೆದಾಗ ಸಂಸ್ಕರಿಸದ ಪುಡಿಯಲ್ಲಿ ಗ್ರಾಂಗೆ ಸರಾಸರಿ 34.6 ಮಿ.ಗ್ರಾಂ ಫ್ಲೇವನಾಲ್ ಇದ್ದರೆ, ಲಘುವಾಗಿ ಸಂಸ್ಕರಿಸಿದ್ದರಲ್ಲಿ 13.8, ಮಧ್ಯಮದಲ್ಲಿ 7.8, ಹೆಚ್ಚು ಸಂಸ್ಕರಿಸಿದ್ದರಲ್ಲಿ 3.9 ಇತ್ತು. ಕಪ್ಪಾದಷ್ಟೂ ಒಳ್ಳೆಯದು ಎಂಬ ಜನರ ಊಹೆ ಇಲ್ಲಿ ತಲೆಕೆಳಗು. ಚಾಕೊಲೇಟಿನ ಮೇಲೆ ಬರೆಯುವ ಕೋಕೊ ಶೇಕಡಾವಾರು ಈ ವ್ಯತ್ಯಾಸವನ್ನು ತೋರಿಸುವುದೇ ಇಲ್ಲ. ಕ್ಷಾರ ಬಳಸಿದ್ದನ್ನು ಸಣ್ಣ ಅಕ್ಷರದಿಂದ ದೊಡ್ಡ ಅಕ್ಷರಕ್ಕೆ ತನ್ನಿ.

ಮಾನ್ಯ ನಿಯಂತ್ರಕರೇ, ಇಷ್ಟು ಹಿನ್ನೆಲೆಯೊಂದಿಗೆ ನಮ್ಮ ಕೋರಿಕೆಗಳನ್ನು ಮುಂದಿಡುತ್ತೇವೆ. "ಒಟ್ಟು ಪಾಲಿಫಿನಾಲ್" ಎಂಬ ಅಂಕೆಯೊಂದನ್ನೇ ಲೇಬಲ್ಲಿನಲ್ಲಿ ಒಪ್ಪಬೇಡಿ. ಗಿಡದ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ, ಸಾರ ತೆಗೆದ ದ್ರಾವಕ, ಮುಖ್ಯ ಸಂಯುಕ್ತದ ಹೆಸರು, ದಿನದ ಪ್ರಮಾಣದಲ್ಲಿ ಅದರ ಮಿಲಿಗ್ರಾಂ, ಅಳೆದ ವಿಧಾನ ಇವಿಷ್ಟೂ ಕಡ್ಡಾಯವಾಗಲಿ. ಸಾರದ ತೂಕಕ್ಕೂ ಸಂಯುಕ್ತದ ತೂಕಕ್ಕೂ ಗೊಂದಲ ಹುಟ್ಟಿಸುವ ಬರವಣಿಗೆ ನಿಲ್ಲಲಿ, 500 ಮಿ.ಗ್ರಾಂ ಸಾರದಲ್ಲಿ ಶೇ. 45 ಇಜಿಸಿಜಿ ಇದ್ದರೆ 225 ಮಿ.ಗ್ರಾಂ ಎಂದು ನೇರವಾಗಿ ಬರೆಯಲಿ. ಎರಡು ಮಾತ್ರೆ ದಿನದ ಪ್ರಮಾಣವಾದರೆ 450 ಎಂದಿರಲಿ. ಓರ‍್ಯಾಕ್ ಅಂಕ ಮತ್ತು ಬರೀ "ಆಂಟಿಆಕ್ಸಿಡೆಂಟ್ ಶಕ್ತಿ" ಎಂಬ ಹೇಳಿಕೆಗಳನ್ನು ನಿಷೇಧಿಸಿ. ಹಸಿರು ಚಹಾ ಸಾರಕ್ಕೆ 800 ಮಿ.ಗ್ರಾಂ ಮಿತಿ ಎಲ್ಲೆಡೆ ಬರಲಿ, ಅದನ್ನು ಸುರಕ್ಷಿತ ಗುರಿಯೆಂದು ಯಾರೂ ಓದದಂತೆ ಎಚ್ಚರಿಕೆಯ ವಾಕ್ಯಗಳೂ ಜೊತೆಗಿರಲಿ. ಪೈಪರಿನ್ ಇರುವ ಪ್ರತಿ ಉತ್ಪನ್ನದ ಮುಂಭಾಗದಲ್ಲೇ "ನಿತ್ಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬಳಸಬಾರದು" ಎಂದು ಇರಲಿ.

ತಯಾರಕರು ಪ್ರತಿ ಬ್ಯಾಚಿನ ಕಚ್ಚಾ ಸಾರಕ್ಕೂ ಗುರುತಿನ ಪರೀಕ್ಷೆ ಮಾಡಿಸಬೇಕು. ಪೂರೈಕೆದಾರರ ಪ್ರಮಾಣಪತ್ರವನ್ನು ನಂಬಿ ಸುಮ್ಮನಿರುವುದು ಪರೀಕ್ಷೆಯಲ್ಲ. ತಯಾರಿಯ ದಿನದ ಅಂಕೆಯನ್ನಲ್ಲ, ಬಳಕೆಯ ಕೊನೆಯ ದಿನದಂದೂ ಉಳಿಯುವ ಅಂಕೆಯನ್ನು ಬರೆಯಬೇಕು, ಏಕೆಂದರೆ ಬೆಳಕು, ಬಿಸಿ, ತೇವಗಳಲ್ಲಿ ಆಂಥೊಸಯನಿನ್ ಮತ್ತು ಕ್ಯಾಟೆಚಿನ್ ತಿಂಗಳುಗಳಲ್ಲಿ ಕುಗ್ಗುತ್ತವೆ. ವೈದ್ಯರಲ್ಲಿ ಒಂದೇ ವಿನಂತಿ: ಕಾರಣ ತಿಳಿಯದ ಲಿವರ್ ಊತದೊಂದಿಗೆ ಬಂದವರನ್ನು "ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ" ಎಂದು ಮಾತ್ರ ಕೇಳಬೇಡಿ, ಪೂರಕ, ಚೂರ್ಣ, ಸಾರ, ತೂಕದ ಮಾತ್ರೆ ಎಂದು ಒಂದೊಂದಾಗಿ ಹೆಸರಿಸಿ ಕೇಳಿ. ಅವನ್ನು ಔಷಧಿಯೆಂದು ಜನ ಎಣಿಸುವುದಿಲ್ಲ.

ಕೊನೆಯದಾಗಿ, ಹಾನಿಯ ವರದಿ ಸಲ್ಲಿಸುವ ದಾರಿ ಸಾಮಾನ್ಯ ಜನರಿಗೂ ತೆರೆದಿರಲಿ. ಡಬ್ಬಿಯ ಮೇಲೆಯೇ ದೂರವಾಣಿ ಸಂಖ್ಯೆ ಮತ್ತು ತಯಾರಿಕೆಯ ಬ್ಯಾಚ್ ಸಂಖ್ಯೆ ಓದುವಷ್ಟು ದೊಡ್ಡದಾಗಿ ಅಚ್ಚಾಗಿರಲಿ. ಕಡು ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು, ಹಸಿವು ಸಾಯುವುದು, ಬಿಡದ ಸುಸ್ತು, ಮೈ ತುರಿಕೆ ಕಂಡರೆ ಮಾತ್ರೆಯನ್ನು ಅಂದೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು, ಗುಣವಾದ ಮೇಲೆ ಮತ್ತೆ ಅದೇ ಮಾತ್ರೆ ಶುರುಮಾಡಬಾರದು, ಉಳಿದ ಮಾತ್ರೆಗಳನ್ನು ಎಸೆಯದೆ ಡಬ್ಬಿ ಸಮೇತ ಪರೀಕ್ಷೆಗೆ ಕೊಡಬೇಕು ಎಂಬ ಸೂಚನೆ ಅದರ ಪಕ್ಕದಲ್ಲಿರಲಿ.

ಗೌರವಗಳೊಂದಿಗೆ,
ಆಹಾರ ವಿಶ್ಲೇಷಣೆ ಮತ್ತು ಪೋಷಣೆಯ ಕ್ಷೇತ್ರದವರು